ಹುಳುವಿಗೆ ಗಾಳಿ, ಅವ್ವನಿಗೆ ಹೊಗೆ

ರೇಷ್ಮೆ ಹುಳುವಿನ ಹತ್ತಿರ ಬೀಡಿ ಸೇದಬಾರದು ಎಂಬುದು ರಾಮನಗರದ ಬಳಿಯ ಕೈಲಾಂಚದ ಮಕ್ಕಳಿಗೂ ಗೊತ್ತು. ಅದೇ ಮನೆಯ ಅಡುಗೆಕೋಣೆಯಲ್ಲಿ ಮೂವತ್ತು ವರ್ಷ ಹೊಗೆ ಕುಡಿದವಳು ಕೆಮ್ಮಿದರೆ ಮಾತ್ರ ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತೇವೆ. ಆ ಕೆಮ್ಮಿಗೆ ಹೆಸರಿದೆ, ಅಳತೆ ಇದೆ, ತಡೆಯುವ ದಾರಿಯೂ ಇದೆ.

ಮಾಗಿಯ ಬೆಳಗು. ರೇವಣಸಿದ್ದೇಶ್ವರ ಬೆಟ್ಟದ ನೆತ್ತಿ ಇನ್ನೂ ಮಂಜಿನೊಳಗಿದೆ. ಕೈಲಾಂಚ ಹೋಬಳಿಯ ರೇಷ್ಮೆ ಊರುಗಳಲ್ಲಿ ಈ ಹೊತ್ತಿಗೆ ಎರಡು ಬಾಗಿಲು ತೆರೆಯುತ್ತವೆ.

ಒಂದು ಹುಳು ಮನೆಯ ಬಾಗಿಲು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆಯಿಂದ ಎದ್ದ ಹುಳುಗಳು ಹಸಿದು ಕೂತಿವೆ. ಸೊಪ್ಪು ಹಾಕಲು ಬಂದ ಯಜಮಾನ ಬೀಡಿಯನ್ನು ಅಂಗಳದಲ್ಲೇ ಎಸೆಯುತ್ತಾನೆ. ಕೈ ತೊಳೆದು, ಹೊಸ್ತಿಲಲ್ಲಿ ಹರವಿದ ಸುಣ್ಣ-ಬ್ಲೀಚಿಂಗ್ ಪುಡಿ ತುಳಿದು ಒಳಗೆ ಹೋಗುತ್ತಾನೆ. ಎದುರುಬದುರು ಕಿಟಕಿಗಳು, ಊಜಿ ನೊಣ ನುಗ್ಗದಂತೆ ಬಲೆ, ಗೋಡೆಗೆ ನೇತುಹಾಕಿದ ಥರ್ಮಾಮೀಟರ್. ಕೊನೆಯ ಹಂತದ ಹುಳುವಿಗೆ 25 ಡಿಗ್ರಿ ಆಸುಪಾಸಿನ ಶಾಖ ಬೇಕು, ಅದಕ್ಕಿಂತ ಹೆಚ್ಚಾಗಿ ಗಾಳಿ ಆಡಬೇಕು. ಹೊಗೆ ತುಂಬಿದರೆ ಹುಳು ಸೊಪ್ಪು ಬಿಡುತ್ತದೆ. ತಂಬಾಕಿನ ನಿಕೋಟಿನ್ ಅಂಟಿದ ಸೊಪ್ಪು ತಿಂದರಂತೂ ಸತ್ತೇ ಹೋಗುತ್ತದೆ. ಹಿಪ್ಪುನೇರಳೆ ತೋಟದ ಪಕ್ಕ ಹೊಗೆಸೊಪ್ಪು ಬೆಳೆಯಬಾರದು ಎನ್ನುವುದು ಅದಕ್ಕೇ.

ಇನ್ನೊಂದು ಅಡುಗೆಮನೆಯ ಬಾಗಿಲು. ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳನ್ನೇ ಒಲೆಗೆ ತುರುಕಿ ಅವ್ವ ಊದುಗೊಳವೆಯಲ್ಲಿ ಊದುತ್ತಿದ್ದಾಳೆ. ಕಡ್ಡಿ ಪೂರ್ತಿ ಒಣಗಿಲ್ಲ. ಕಿಟಕಿ ಇಲ್ಲ. ಹೊಗೆ ಹೆಂಚಿನ ಸಂದು ಹುಡುಕಿಕೊಂಡು ಹೋಗುವ ಮೊದಲು ಕೋಣೆಯನ್ನೆಲ್ಲ ಸುತ್ತುತ್ತದೆ. ಅವ್ವ ಕೆಮ್ಮುತ್ತಾಳೆ, ಎದ್ದು ಹಿತ್ತಲಿಗೆ ಹೋಗಿ ಕಫ ಉಗಿದು ಬರುತ್ತಾಳೆ, ಮತ್ತೆ ಊದುತ್ತಾಳೆ.

‘ಆಸ್ಪತ್ರೆಗೆ ತೋರಿಸ್ಕೊಂಡ್ಯೇನವ್ವ?’ ಎಂದು ಕೇಳಿದರೆ ಈ ಕಡೆಯ ಹಳ್ಳಿಗಳಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಏನ್ ತೋರ್ಸದು ಬುಡು ಮಗ. ಒಲೆ ಮುಂದೆ ಕುಂತ್ಮೇಲೆ ಕೆಮ್ಮಿದ್ದದ್ದೇ. ಚಳಿ ಕಳುದ್ರೆ ಹೊಯ್ತದೆ.’

ಚಳಿ ಕಳೆದರೆ ಕೆಮ್ಮು ತಗ್ಗುವುದು ನಿಜ. ಮುಂದಿನ ಕಾರ್ತಿಕಕ್ಕೆ ಮತ್ತೆ ಬರುವುದೂ ನಿಜ. ವೈದ್ಯಶಾಸ್ತ್ರ ಈ ಹೋಗಿಬರುವ ಲೆಕ್ಕವನ್ನೇ ಕಾಯಿಲೆಯ ಗುರುತಾಗಿ ಇಟ್ಟುಕೊಂಡಿದೆ. ವರ್ಷದಲ್ಲಿ ಕನಿಷ್ಠ ಮೂರು ತಿಂಗಳು, ಬಹುತೇಕ ದಿನಗಳಲ್ಲಿ ಕಫ ಬರುವ ಕೆಮ್ಮು. ಒಂದರ ಬೆನ್ನಿಗೊಂದು ಎರಡು ವರ್ಷ ಹೀಗೇ. ಕ್ಷಯದಂಥ ಬೇರೆ ಕಾರಣವಿಲ್ಲ. ಇಷ್ಟಾದರೆ ಅದು ಕ್ರಾನಿಕ್ ಬ್ರಾಂಕೈಟಿಸ್. ಅದಕ್ಕೆ ಉಸಿರ್ನಾಳ ಕಿರಿದಾಗುವುದೂ ಸೇರಿಕೊಂಡರೆ ಸಿಒಪಿಡಿ ಎಂಬ ದೊಡ್ಡ ಕಾಯಿಲೆಯ ಭಾಗ. ಪ್ರತಿ ನವೆಂಬರಿನ ಮೂರನೇ ಬುಧವಾರ ಜಗತ್ತು ಸಿಒಪಿಡಿ ದಿನ ಆಚರಿಸುತ್ತದೆ. ಅದು ನಮ್ಮಲ್ಲಿ ಚಳಿ ಹಿಡಿಯುವ, ಹಂಡೆ ಒಲೆ ಬೇಗ ಹೊತ್ತುವ, ಕೆಮ್ಮು ಜೋರಾಗುವ ಕಾಲ.

ನಾಳದ ಒಳಗೆ

ಮನುಷ್ಯ ದಿನಕ್ಕೆ ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಒಳಗೆಳೆಯುತ್ತಾನೆ. ಗಂಟಲಿನಿಂದ ಇಳಿದ ಶ್ವಾಸನಾಳ ಎರಡಾಗಿ, ಎರಡು ನಾಲ್ಕಾಗಿ, ಸುಮಾರು 23 ಸಲ ಕವಲೊಡೆದು ಕೋಟ್ಯಂತರ ಗಾಳಿಗೂಡುಗಳನ್ನು ಮುಟ್ಟುತ್ತದೆ. ಹೀಗೆ ಒಳಬರುವ ಗಾಳಿಯಲ್ಲಿ ದೂಳಿರುತ್ತದೆ, ರೋಗಾಣು ಇರುತ್ತದೆ. ಅದನ್ನು ಹಿಡಿಯಲು ನಾಳದ ಒಳಗೋಡೆಯ ಮೇಲೆ ತೆಳ್ಳನೆಯ ಲೋಳೆಯ ಪದರವಿದೆ. ಲೋಳೆಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಗಾಳಿಗೆ ತೂಗುವ ರಾಗಿ ಪೈರಿನಂತೆ ಒಟ್ಟಿಗೆ ಬಾಗಿ ಏಳುತ್ತವೆ. ಸೆಕೆಂಡಿಗೆ ಹತ್ತು ಸಲಕ್ಕೂ ಹೆಚ್ಚು. ಪ್ರತಿ ಬಾಗಿಗೂ ಲೋಳೆ ಸ್ವಲ್ಪ ಸ್ವಲ್ಪವೇ ಗಂಟಲ ಕಡೆಗೆ ಸರಿಯುತ್ತದೆ. ಆರೋಗ್ಯವಂತನಿಗೆ ಇದು ತಿಳಿಯುವುದೇ ಇಲ್ಲ. ತನಗೇ ಗೊತ್ತಾಗದಂತೆ ನುಂಗಿಬಿಡುತ್ತಾನೆ.

ಹೊಗೆ ಮೊದಲು ಕೆಡಿಸುವುದು ಈ ರೋಮಗಳನ್ನು. ಅವು ನಿಧಾನವಾಗುತ್ತವೆ, ಮೊಟಕಾಗುತ್ತವೆ, ಕಡೆಗೆ ಉದುರುತ್ತವೆ. ಅದೇ ಹೊತ್ತಿಗೆ ಲೋಳೆ ಒಸರುವ ಗ್ರಂಥಿಗಳು ಕೆರಳಿ ದಪ್ಪಗಾಗುತ್ತವೆ. ಲೋಳೆ ಹೆಚ್ಚಾಯಿತು, ಅದನ್ನು ಸಾಗಿಸುವವರಿಲ್ಲ. ಇನ್ನುಳಿದ ಉಪಾಯ ಕೆಮ್ಮು ಮಾತ್ರ. ಬೆಳಿಗ್ಗೆ ಎದ್ದೊಡನೆ ಕೆಮ್ಮು ಹೆಚ್ಚಿರುವುದು ಇದಕ್ಕೇ; ರಾತ್ರಿಯಿಡೀ ನಿಂತ ಕಫವನ್ನು ದೇಹ ಹೊರಹಾಕುತ್ತಿರುತ್ತದೆ. ಕೆಮ್ಮು ಅಡಗಿಸುವ ಸಿರಪ್ಪನ್ನು ಬಾಟಲಿಗಟ್ಟಲೆ ಕುಡಿಯುವವರು ಇದನ್ನು ನೆನಪಿಡಬೇಕು. ಈ ಕೆಮ್ಮನ್ನು ಅಡಗಿಸಿದರೆ ಕಫ ಒಳಗೇ ಉಳಿಯುತ್ತದೆ.

ಗ್ರಂಥಿ ಎಷ್ಟು ದಪ್ಪಗಾಗುತ್ತದೆ ಎಂಬುದನ್ನು 1960ರಲ್ಲಿ ಲಿನ್ ರೀಡ್ ಎಂಬ ವೈದ್ಯೆ ಅಳೆದು ತೋರಿಸಿದರು. ಸಾಮಾನ್ಯವಾಗಿ ನಾಳದ ಗೋಡೆಯಲ್ಲಿ ಮೂರನೇ ಒಂದು ಭಾಗದಷ್ಟಿರುವ ಗ್ರಂಥಿ, ಈ ರೋಗಿಗಳಲ್ಲಿ ಅರ್ಧವನ್ನೂ ಮೀರಿತ್ತು. ಇಂದಿಗೂ ರೋಗಶಾಸ್ತ್ರದ ಪಾಠಗಳಲ್ಲಿ ಇದು ರೀಡ್ ಸೂಚ್ಯಂಕ.

ಗೋಡೆ ಊದಿದರೆ ದಾರಿ ಕಿರಿದಾಗುತ್ತದೆ. ನಾಳದ ಅಡ್ಡಳತೆ ಅರ್ಧಕ್ಕೆ ಇಳಿದರೆ ಗಾಳಿಗೆ ಎದುರಾಗುವ ತಡೆ ಇಮ್ಮಡಿಯಾಗಿ ನಿಲ್ಲುವುದಿಲ್ಲ, ಹದಿನಾರು ಪಟ್ಟಾಗುತ್ತದೆ. ನಿನ್ನೆಯವರೆಗೆ ಕೊಡ ಹೊತ್ತು ಬಂದವಳು ಇವತ್ತು ಜಗಲಿ ಹತ್ತಿ ನಿಂತು ಉಸಿರು ಹುಡುಕುವುದು ಹೀಗೆ. ಇದ್ದಕ್ಕಿದ್ದಂತೆ ಆದದ್ದು ಎನ್ನಿಸುತ್ತದೆ. ಒಳಗೆ ಹತ್ತಿಪ್ಪತ್ತು ವರ್ಷಗಳಿಂದ ಆಗುತ್ತಲೇ ಇರುತ್ತದೆ.

ಲಂಡನ್ನಿನ ಮಂಜು, ದೆಹಲಿಯ ಒಲೆ

ಬ್ರಾಂಕೈಟಿಸ್ ಎಂಬ ಹೆಸರನ್ನು 1808ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಯಾಡಮ್. ಕಲ್ಲಿದ್ದಲು ಉರಿಸುವ ಆ ದೇಶಕ್ಕೆ ಕಫದ ಕೆಮ್ಮು ಮನೆಮಾತಾಗಿತ್ತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ಹೊಗೆ ಬೆರೆತ ಮಂಜು ಕವಿದು, ಸುಮಾರು ನಾಲ್ಕು ಸಾವಿರ ಮಂದಿ ಸತ್ತರೆಂದು ಆಗ ಅಂದಾಜಾಯಿತು. ಆಮೇಲಿನ ಅಧ್ಯಯನಗಳು ಹನ್ನೆರಡು ಸಾವಿರದವರೆಗೂ ಹೇಳುತ್ತವೆ. ನಾಲ್ಕು ವರ್ಷಕ್ಕೆ ಶುದ್ಧ ಗಾಳಿ ಕಾಯ್ದೆ ಬಂತು. 1958ರಲ್ಲಿ ಲಂಡನ್ನಿನಲ್ಲೇ ಸಿಬಾ ವಿಚಾರ ಸಂಕಿರಣದಲ್ಲಿ ಕೂತ ತಜ್ಞರು ಕಫದ ಕೆಮ್ಮಿಗೆ ಒಂದು ಒಪ್ಪಿತ ವ್ಯಾಖ್ಯೆ ಹುಡುಕಿದರು. ಮೂರು ತಿಂಗಳು, ಎರಡು ವರ್ಷ ಎಂಬ ಅಳತೆ ಬೆಳೆದದ್ದು ಆ ಚರ್ಚೆಗಳಿಂದ.

ಆ ಹೊತ್ತಿಗೇ ನಮ್ಮ ದೇಶದ ಒಬ್ಬ ಹೆಣ್ಣುಮಗಳು ಬೇರೊಂದನ್ನು ಗಮನಿಸುತ್ತಿದ್ದರು. ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿ. ಅವರ ದೆಹಲಿಯ ಆಸ್ಪತ್ರೆಗೆ ಕಾಲು ಊದಿಕೊಂಡು, ತುಟಿ ನೀಲಿಯಾಗಿ ಬರುತ್ತಿದ್ದ ಹೆಂಗಸರಿದ್ದರು. ಶ್ವಾಸಕೋಶ ಕೆಟ್ಟು, ಅದರ ಭಾರ ಹೃದಯದ ಬಲಭಾಗದ ಮೇಲೆ ಬಿದ್ದವರು. ಪಶ್ಚಿಮದ ಪುಸ್ತಕಗಳ ಪ್ರಕಾರ ಇದು ಸಿಗರೇಟು ಸೇದುವ ಗಂಡಸರ ಕಾಯಿಲೆ. ಈ ಹೆಂಗಸರಲ್ಲಿ ಸೇದುವವರು ಕಡಿಮೆ. 1959ರಲ್ಲಿ ಪದ್ಮಾವತಿ ಮತ್ತು ಸಹೋದ್ಯೋಗಿ ಪಾಠಕ್ 127 ರೋಗಿಗಳ ವಿವರ ಪ್ರಕಟಿಸಿ ಅಡುಗೆಮನೆಯ ಹೊಗೆಯತ್ತ ಬೊಟ್ಟು ಮಾಡಿದರು. ಅರವತ್ತು ವರ್ಷ ಮೀರಿತು. ಇಂದಿಗೂ ಕೆಮ್ಮುವ ಹೆಂಗಸನ್ನು ನೋಡಿ ‘ಬೀಡಿ ಸೇದುತ್ತೀಯಾ?’ ಎಂದು ಮಾತ್ರ ಕೇಳಿ, ‘ಇಲ್ಲ’ ಎಂದರೆ ಚೀಟಿ ಬರೆದು ಕಳಿಸುವ ರೂಢಿ ಹೋಗಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಮುಂದೆ ಗುಜರಾತಿನ ಹಳ್ಳಿಗಳಲ್ಲಿ ಹೆಂಗಸರಿಗೇ ಅಳತೆಯ ಯಂತ್ರ ಕಟ್ಟಿ ಹೊಗೆ ಲೆಕ್ಕ ಹಾಕಿದವರು ಸಂಶೋಧಕ ಕರ್ಕ್ ಸ್ಮಿತ್. ಆ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ತೆರೆದ ಸೌದೆ ಒಲೆ ಒಂದು ಗಂಟೆಯಲ್ಲಿ ಬಿಡುವ ಹೊಗೆ ಸುಮಾರು 400 ಸಿಗರೇಟಿನ ಹೊಗೆಗೆ ಸಮ ಎಂದು ಅವರು ಹೇಳುತ್ತಿದ್ದರು.

ಚೌಕಟ್ಟು: ದೇಶದ ಲೆಕ್ಕ

*2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಭಾರತದಲ್ಲಿ ಸಿಒಪಿಡಿ ಇರುವವರು 1990ರಲ್ಲಿ 2.81 ಕೋಟಿ, 2016ರಲ್ಲಿ 5.53 ಕೋಟಿ. ಈ ಕಾಯಿಲೆಯ ಹೊರೆಯಲ್ಲಿ ಮನೆಯ ಒಳಗಿನ ಮತ್ತು ಹೊರಗಿನ ಗಾಳಿ ಮಾಲಿನ್ಯದ ಪಾಲು ಶೇ 53.7; ತಂಬಾಕಿನದು ಶೇ 25.4, ಕೆಲಸದ ಜಾಗದ ದೂಳು-ಹೊಗೆಯದು ಶೇ 16.5. ಅಂದರೆ ನಮ್ಮ ದೇಶದಲ್ಲಿ ಬೀಡಿ-ಸಿಗರೇಟಿಗಿಂತ ಗಾಳಿಯದೇ ದೊಡ್ಡ ಪಾಲು.*

ಗಂಟೆ ಗುಣಿಸು ವರ್ಷ

ನಮಗೆ ಹತ್ತಿರದ ಪುರಾವೆ ಮೈಸೂರಿನಿಂದ ಬಂದಿದೆ. ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೆಮ್ಮಿನ ಲೆಕ್ಕ ಹಿಡಿದರು. ಅವರ ಪ್ರಶ್ನೆ ನೇರವಾಗಿತ್ತು: ಎಷ್ಟು ಹೊಗೆ ಕುಡಿದರೆ ಕಾಯಿಲೆ ಬರುತ್ತದೆ?

ಹೊಗೆಯನ್ನು ಅಳೆಯುವ ಯಂತ್ರವನ್ನು ಪ್ರತಿ ಅಡುಗೆಮನೆಗೂ ಒಯ್ಯಲಾಗದು. ಒಲೆಯ ಮುಂದೆ ಕಳೆದ ಹೊತ್ತನ್ನು ಕೇಳಬಹುದು. ದಿನಕ್ಕೆ ಸರಾಸರಿ ಎಷ್ಟು ಗಂಟೆ ಸೌದೆ ಒಲೆಯಲ್ಲಿ ಅಡುಗೆ, ಹೀಗೆ ಎಷ್ಟು ವರ್ಷ, ಎರಡನ್ನೂ ಗುಣಿಸಿದರೆ ಒಂದು ಸಂಖ್ಯೆ. 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆ ಸಂಖ್ಯೆ 60 ತಲುಪಿದ ಹೆಂಗಸರಲ್ಲಿ ಕ್ರಾನಿಕ್ ಬ್ರಾಂಕೈಟಿಸ್‌ನ ನಂಟು ಎದ್ದು ಕಂಡಿತು.

ಹದಿನೆಂಟಕ್ಕೆ ಮದುವೆಯಾಗಿ ಬಂದ ಹುಡುಗಿಯೊಬ್ಬಳನ್ನು ನೆನೆಯಿರಿ. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ. ರಾಗಿ ಮುದ್ದೆ ತಿರುವುವವರಿಗೆ ಇದು ಹೆಚ್ಚೇನಲ್ಲ. ಎಸರು ಕುದಿದು, ಹಿಟ್ಟು ಬೆಂದು, ಕೋಲಿಗೆ ಹದ ಬರುವವರೆಗೆ ಒಲೆ ಬಿಟ್ಟು ಏಳುವಂತಿಲ್ಲ. ದಿನಕ್ಕೆ ಮೂರು ಗಂಟೆಯಾದರೆ ಇಪ್ಪತ್ತು ವರ್ಷಕ್ಕೆ 60. ಅವಳಿಗೆ ಆಗ ಮೂವತ್ತೆಂಟು. ಮಗಳ ಮದುವೆಯ ಮಾತು ಶುರುವಾಗುವ ವಯಸ್ಸು ಅದು.

ತಾಯಿಯ ಮನೆಯಲ್ಲಿ ಹತ್ತನೇ ವಯಸ್ಸಿಗೇ ಒಲೆ ಹಚ್ಚಿದ್ದರೆ? ಆ ವರ್ಷಗಳನ್ನೂ ಸೇರಿಸಬೇಕು. ಶ್ವಾಸಕೋಶ ಇಪ್ಪತ್ತು ದಾಟುವವರೆಗೂ ಬೆಳೆಯುತ್ತಿರುತ್ತದೆ. ಆ ಬೆಳವಣಿಗೆ ಮೊಟಕಾದವರು ಮುಂದೆ ಸಿಒಪಿಡಿಗೆ ಬೀಳಬಹುದು ಎಂದು ಪೀಟರ್ ಲ್ಯಾಂಗೆ ಮತ್ತಿತರ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ಕೂಸಿಗೆ ಹೊಗೆ ಕೊಡುವ ನಮ್ಮ ಪದ್ಧತಿಯನ್ನು ಪ್ರೀತಿಯಿಂದಲೇ ಬಿಡಿಸಬೇಕು.

ಗೂಡು ಬೇಯುವ ಪೇಟೆ

ಕೈಲಾಂಚದ ಗೂಡು ರಾಮನಗರದ ಮಾರುಕಟ್ಟೆಗೆ ಬರುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ಅದು. ಅಲ್ಲಿಂದ ಗೂಡು ಹೋಗುವುದು ನೂಲು ಬಿಚ್ಚುವ ಮನೆಗಳಿಗೆ. ಚರಕ, ಕಾಟೇಜ್ ಬೇಸಿನ್, ಮಲ್ಟಿ ಎಂಡ್ ಎಂದು ಯಂತ್ರದ ಹೆಸರು ಬೇರೆ ಬೇರೆ. ಕೆಲಸದ ತಿರುಳು ಒಂದೇ: ಗೂಡನ್ನು ಕುದಿಯುವ ನೀರಿಗೆ ಹಾಕಿ, ಅಂಟು ಸಡಿಲಿಸಿ, ಎಳೆ ಹಿಡಿದು ಎಳೆಯುವುದು. ನೀರು ಕುದಿಯಲು ಬೆಂಕಿ ಬೇಕು. ಬೆಂಕಿಗೆ ಸೌದೆ ಬೇಕು, ಇಲ್ಲವೇ ಹೊಟ್ಟು.

ಈ ಮನೆಗಳ ಒಳಗಿನ ಗಾಳಿಯಲ್ಲಿ ಮೂರು ಬೆರೆತಿರುತ್ತವೆ. ಒಲೆಯ ಹೊಗೆ, ಬೇಸಿನ್ನಿನ ಹಬೆ, ಬೆಂದ ಹುಳುವಿನ ನಾತ. ಕೆಲಸಗಾರ ಬೆಳಗಿನಿಂದ ಅದರಲ್ಲೇ ಕೂರುತ್ತಾನೆ, ಹೆಂಗಸರೂ ಕೂರುತ್ತಾರೆ. 1985ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಅವರ ತಂಡ ರೇಷ್ಮೆ ಫಿಲೇಚರ್ (ನೂಲು ಬಿಚ್ಚುವ ಕಾರ್ಖಾನೆ) ಕೆಲಸಗಾರರನ್ನು ಪರೀಕ್ಷಿಸಿ, ಕೆಲಸದಿಂದಲೇ ಬಂದ ಆಸ್ತಮಾ ಇವರಲ್ಲಿದೆ ಎಂದು ವರದಿ ಮಾಡಿತು. ಗೂಡಿನ ಮತ್ತು ಹುಳುವಿನ ಪ್ರೋಟೀನು ಕೆಲವರ ನಾಳಗಳನ್ನು ಕೆರಳಿಸುತ್ತದೆ. ಆಸ್ತಮಾ ಬೇರೆ, ಬ್ರಾಂಕೈಟಿಸ್ ಬೇರೆ. ಆಸ್ತಮಾದಲ್ಲಿ ನಾಳ ಬಿಗಿದು ಮತ್ತೆ ಸಡಿಲವಾಗುತ್ತದೆ. ಬ್ರಾಂಕೈಟಿಸ್‌ನಲ್ಲಿ ಗೋಡೆಯೇ ದಪ್ಪಗಾಗಿ ಕೂರುತ್ತದೆ. ಗೂರಲು ಎಂಬ ಒಂದೇ ಮಾತಿನಲ್ಲಿ ನಮ್ಮೂರಿನವರು ಎರಡನ್ನೂ ಹೇಳುತ್ತಾರೆ. ನೂಲು ಬಿಚ್ಚುವವರಲ್ಲಿ ಎರಡೂ ಒಟ್ಟಿಗೆ ಇರಬಹುದು.

ಈ ಕೆಲಸದಲ್ಲಿ ಮಕ್ಕಳೂ ಇದ್ದರು. ಕರ್ನಾಟಕದ ರೇಷ್ಮೆ ಕೆಲಸದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ತಂದಿತು. ಕುದಿನೀರಿಗೆ ಕೈ ಹಾಕುವ, ಒಲೆಯ ಮತ್ತು ಯಂತ್ರದ ಹೊಗೆಯನ್ನು ಉಸಿರಾಡುವ ಮಕ್ಕಳ ಕತೆ ಅದರಲ್ಲಿದೆ. ಆಗ ಹತ್ತು ವರ್ಷವಿದ್ದವರು ಈಗ ಮೂವತ್ತು ದಾಟಿದ್ದಾರೆ. ಅವರ ಶ್ವಾಸಕೋಶದ ಪರೀಕ್ಷೆಯನ್ನು ಯಾರಾದರೂ ಮಾಡಬೇಕು.

ಜಿಲ್ಲೆಯ ಉಳಿದ ತಾಲ್ಲೂಕುಗಳನ್ನು ಬೇಗ ದಾಟುತ್ತೇನೆ. ಚನ್ನಪಟ್ಟಣದಲ್ಲಿ ಆಲೆ ಮರ ಕಡೆಯುವವರ ಮೂಗಿಗೆ ಮರದ ಪುಡಿ, ರೇಷ್ಮೆ ಚಿಂದಿಯಿಂದ ನೂಲು ತೆಗೆಯುವ ಸ್ಪನ್ ಸಿಲ್ಕ್ ಕೆಲಸದಲ್ಲಿ ಎಳೆಯ ದೂಳು. ಕನಕಪುರದ ಕಡೆ ಕಲ್ಲು ಗಣಿ. ಸಿಲಿಕಾ ಕಣದಿಂದ ಬರುವ ಸಿಲಿಕೋಸಿಸ್ ಇನ್ನೂ ಕ್ರೂರ ಕಾಯಿಲೆ, ಜೊತೆಗೆ ಕಫದ ಕೆಮ್ಮನ್ನೂ ತರುತ್ತದೆ. ಬೀಡಿ ಎಲ್ಲೆಡೆಯೂ ಇದೆ. ಬೀಡಿಯ ಎಲೆ ಚೆನ್ನಾಗಿ ಉರಿಯದ್ದರಿಂದ ಆರದಂತೆ ಮತ್ತೆಮತ್ತೆ ಜೋರಾಗಿ ಎಳೆಯಬೇಕು. ಹಾಗಾಗಿ ಸಣ್ಣದಾದರೂ ಅದರ ವಿಷ ಸಿಗರೇಟಿಗಿಂತ ಕಡಿಮೆಯಲ್ಲ.

ಒಂದು ಸೆಕೆಂಡಿನ ಪರೀಕ್ಷೆ

ಕಾಯಿಲೆ ಎಷ್ಟು ಮುಂದೆ ಹೋಗಿದೆ ಎಂದು ತಿಳಿಯಲು ಎಕ್ಸ್-ರೇ ಸಾಲದು. ಸ್ಪೈರೋಮೆಟ್ರಿ ಬೇಕು. ಎದೆ ತುಂಬ ಉಸಿರೆಳೆದು ಕೊಳವೆಯೊಂದಕ್ಕೆ ರಭಸವಾಗಿ, ಉಸಿರು ಮುಗಿಯುವವರೆಗೆ ಊದುವ ಪರೀಕ್ಷೆ. ಸೂಜಿ ಇಲ್ಲ, ನೋವಿಲ್ಲ. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಬಂತು, ಒಟ್ಟು ಎಷ್ಟು ಬಂತು ಎಂದು ಯಂತ್ರ ಬರೆದುಕೊಳ್ಳುತ್ತದೆ. ನಾಳ ಸಡಿಲಿಸುವ ಔಷಧಿ ಕೊಟ್ಟ ಮೇಲೂ ಮೊದಲ ಸೆಕೆಂಡಿನ ಪಾಲು ಶೇ 70ಕ್ಕಿಂತ ಕಡಿಮೆ ಇದ್ದರೆ ದಾರಿ ಕಿರಿದಾಗಿದೆ ಎಂದರ್ಥ. ರಕ್ತದೊತ್ತಡ ನೋಡಿದಷ್ಟೇ ಸಲೀಸಾಗಿ ಇದು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಆಗಬೇಕು ಎಂಬುದು ನನ್ನ ಹಟ.

ಮೂವತ್ತರ ನಂತರ ಎಲ್ಲರಿಗೂ ಈ ಮೊದಲ ಸೆಕೆಂಡಿನ ಗಾಳಿ ವರ್ಷಕ್ಕೆ ಸುಮಾರು 25–30 ಮಿಲಿಲೀಟರ್ ಕಡಿಮೆಯಾಗುತ್ತದೆ. ಹೊಗೆಗೆ ಸೋಲುವ ದೇಹದವರಲ್ಲಿ ಅದರ ಇಮ್ಮಡಿ ವೇಗದಲ್ಲಿ ಇಳಿಯಬಹುದು. ಸಂಶೋಧಕರಾದ ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೋ ಲಂಡನ್ನಿನ ಕೆಲಸಗಾರರನ್ನು ವರ್ಷಗಟ್ಟಲೆ ಹಿಂಬಾಲಿಸಿ 1977ರಲ್ಲಿ ಬರೆದ ಸಂಗತಿ ನನಗೆ ತುಂಬ ಧೈರ್ಯ ಕೊಡುತ್ತದೆ: ಸೇದುವುದನ್ನು ಬಿಟ್ಟವರ ಇಳಿಕೆ ಮತ್ತೆ ಸಾಮಾನ್ಯರ ವೇಗಕ್ಕೆ ಬಂತು. ಹೋದದ್ದು ಮರಳಿ ಬರಲಿಲ್ಲ, ಇದ್ದದ್ದು ಉಳಿಯಿತು. ಐವತ್ತರಲ್ಲಿ ಬಿಟ್ಟರೂ ಲಾಭವಿದೆ.

ಬಿಡದಿದ್ದರೆ ಮುಂದಿನದು ಕಷ್ಟ. ಗಾಳಿಗೂಡುಗಳ ಗೋಡೆ ಹರಿದು ದೊಡ್ಡ ಪೊಳ್ಳುಗಳಾಗುತ್ತವೆ. ಸೌದೆ ಹೊಗೆಯವರಿಗಿಂತ ಸಿಗರೇಟು, ಬೀಡಿಯವರಲ್ಲಿ ಇದು ಹೆಚ್ಚು. ಒಲೆಯ ಮುಂದೆ ಕೂತವರಲ್ಲಿ ನಾಳಗಳೇ ಹೆಚ್ಚು ಕೆಡುತ್ತವೆ, ಕಪ್ಪು ಕಲೆ ಕೂರುತ್ತದೆ. ಒಳಗೆ ಹೋದ ಗಾಳಿ ಪೂರ್ತಿ ಹೊರಬಾರದೆ ಎದೆ ಉಬ್ಬಿ ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಅದರ ವಿರುದ್ಧ ದುಡಿದು ದುಡಿದು ಹೃದಯದ ಬಲಭಾಗ ಸೋಲುತ್ತದೆ. ಕಾಲು ಊದಿಕೊಳ್ಳುತ್ತದೆ. ಪದ್ಮಾವತಿ ದೆಹಲಿಯಲ್ಲಿ ಕಂಡ ಹೆಂಗಸರು ಬಂದು ನಿಂತದ್ದು ಈ ಘಟ್ಟದಲ್ಲಿ.

ಚೌಕಟ್ಟು: ತಡ ಮಾಡಬಾರದ ಸೂಚನೆಗಳು

*ಎರಡು ವಾರ ಮೀರಿದ ಯಾವ ಕೆಮ್ಮಿಗೂ ಮೊದಲು ಕಫ ಪರೀಕ್ಷೆ. ಕ್ಷಯದ ತಪಾಸಣೆ ಮತ್ತು ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆ ಜ್ವರ ಕಂಡರೆ ಅದೇ ದಿನ ಹೋಗಿ. ಹಳೆಯ ಕೆಮ್ಮಿನವರಿಗೆ ಕಫ ಏಕಾಏಕಿ ಹೆಚ್ಚಾಗಿ, ಹಳದಿ-ಹಸಿರಾಗಿ, ದಮ್ಮು ಏರಿದರೆ ಕಾಯಿಲೆ ಕೆರಳಿದೆ. ತುಟಿ, ಉಗುರು ನೀಲಿಯಾದರೆ, ಮಾತು ಮುಗಿಸಲು ಉಸಿರು ಸಾಲದಿದ್ದರೆ, ಮಂಪರು ಕವಿದರೆ 108 ಕರೆಯಿರಿ.*

ಹೀರುವ ಮದ್ದು

‘ಪಂಪು ಹಿಡಿದರೆ ಬಿಡೋಕಾಗಲ್ಲ, ಅದು ಚಟ’ ಎಂಬ ಮಾತು ಹಳ್ಳಿಯಲ್ಲೂ ಇದೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇದೆ. ಈ ಮಾತು ಎಷ್ಟೋ ಜನರ ಉಸಿರು ಕಸಿದಿದೆ. ಇನ್‌ಹೇಲರ್ ಚಟವಾಗುವ ವಸ್ತುವಲ್ಲ. ಮಾತ್ರೆಯಾಗಿ ಮಿಲಿಗ್ರಾಮುಗಟ್ಟಲೆ ನುಂಗಬೇಕಾದ ಔಷಧಿಯನ್ನು ಮೈಕ್ರೋಗ್ರಾಮಿನಲ್ಲಿ ನೇರ ನಾಳಕ್ಕೆ ಕೊಡುವ ಸಾಧನ ಅದು. ಸಾಲ್ಬುಟಮಾಲ್ ತಕ್ಷಣಕ್ಕೆ ನಾಳ ಸಡಿಲಿಸುತ್ತದೆ. ಟಿಯೋಟ್ರೋಪಿಯಂನಂಥವು ಇಡೀ ದಿನ ಕೆಲಸ ಮಾಡುತ್ತವೆ. ಸ್ಟೀರಾಯ್ಡ್ ಇನ್‌ಹೇಲರ್ ಎಲ್ಲರಿಗೂ ಬೇಕಿಲ್ಲ, ವೈದ್ಯರು ನಿರ್ಧರಿಸಬೇಕು. ಹಿಡಿಯುವ ಕ್ರಮ ತಪ್ಪಿದರೆ ಮದ್ದು ಗಂಟಲಿಗೆ ಅಂಟಿ ವ್ಯರ್ಥವಾಗುತ್ತದೆ. ಸ್ಪೇಸರ್ ಎಂಬ ಕೊಳವೆ ಜೋಡಿಸಿಕೊಂಡರೆ ವಯಸ್ಸಾದವರಿಗೂ ಸುಲಭ. ಔಷಧಿ ಅಂಗಡಿಯಲ್ಲಿ ಪೆಟ್ಟಿಗೆ ಕೊಟ್ಟು ಕಳಿಸಿದರೆ ಆಗದು, ಎದುರಿಗೆ ನಿಂತು ಒಮ್ಮೆ ಮಾಡಿಸಬೇಕು.

ಮೆಣಸು, ಶುಂಠಿ, ತುಳಸಿ ಕಷಾಯ ಗಂಟಲಿಗೆ ಹಿತ ಕೊಡುತ್ತದೆ, ಬಿಸಿ ನೀರು ಕಫ ಸಡಿಲಿಸುತ್ತದೆ. ಕುಡಿಯಲಿ. ದಪ್ಪಗಾದ ಗ್ರಂಥಿಯನ್ನು ಅವು ಕರಗಿಸುವುದಿಲ್ಲ ಎಂಬುದನ್ನೂ ತಿಳಿದಿರಲಿ. ಪ್ರತಿ ಕೆಮ್ಮಿಗೂ ಆ್ಯಂಟಿಬಯಾಟಿಕ್ ಬೇಡ. ಕಫ ಬಣ್ಣ ತಿರುಗಿ ದಮ್ಮು ಏರಿದಾಗ ವೈದ್ಯರು ಕೊಡುತ್ತಾರೆ. ವರ್ಷಕ್ಕೊಮ್ಮೆ ಇನ್‌ಫ್ಲುಯೆಂಜಾ ಲಸಿಕೆ, ನ್ಯುಮೋಕಾಕಲ್ ಲಸಿಕೆ ಇಂಥವರಿಗೆ ರಕ್ಷಣೆ. ನಮ್ಮಲ್ಲಿ ದೊಡ್ಡವರಿಗೂ ಲಸಿಕೆ ಇದೆ ಎಂಬುದೇ ಬಹಳ ಮಂದಿಗೆ ಗೊತ್ತಿಲ್ಲ.

ಕುಳಿತೇ ಇದ್ದರೆ ಕಾಲಿನ ಮಾಂಸ ಕರಗಿ ದಮ್ಮು ಇನ್ನೂ ಹೆಚ್ಚುತ್ತದೆ. ದಿನಾ ನಡೆಯಬೇಕು, ದಣಿದಾಗ ನಿಂತು, ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡಬೇಕು. ಹೀಗೆ ಬಿಟ್ಟರೆ ಸಣ್ಣ ನಾಳಗಳು ಕುಸಿಯದೆ ಗಾಳಿ ಹೊರಬರುತ್ತದೆ. ಆಮ್ಲಜನಕ ತೀರಾ ಕಡಿಮೆಯಾದವರು ದಿನಕ್ಕೆ 15 ಗಂಟೆಗೂ ಹೆಚ್ಚು ಹೊತ್ತು ಆಮ್ಲಜನಕ ಪಡೆದರೆ ಆಯಸ್ಸು ಹೆಚ್ಚುತ್ತದೆ ಎಂದು 1980 ಮತ್ತು 81ರಲ್ಲಿ ಅಮೆರಿಕ, ಬ್ರಿಟನ್ನಿನ ಪ್ರಯೋಗಗಳು ತೋರಿಸಿದವು. ಅದಕ್ಕೆ ಗಾಳಿಯಿಂದ ಆಮ್ಲಜನಕ ತೆಗೆಯುವ ಕಾನ್ಸಂಟ್ರೇಟರ್ ಬೇಕು, ಇಡೀ ದಿನ ಕರೆಂಟ್ ಬೇಕು, ಹತ್ತಿರ ಬೆಂಕಿ ಇರಬಾರದು. ಹಳ್ಳಿಯ ಮನೆಗೆ ಇದು ಎಷ್ಟು ಕಷ್ಟ ಎಂದು ಹೇಳಬೇಕಿಲ್ಲ. ಅಲ್ಲಿಯವರೆಗೆ ಹೋಗದಂತೆ ತಡೆಯುವುದೇ ಜಾಣತನ. ಹೋದವರಿಗೆ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ.

ಉಂಗ್ರದಿಂದ ಬಂದ ಒಲೆ

ಹೊಗೆ ತಗ್ಗಿಸುವ ಪ್ರಯತ್ನ ನಮ್ಮ ನೆರೆಯಲ್ಲೇ ನಡೆದಿತ್ತು. ಮಾಗಡಿಯ ಆಚೆ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಕಟ್ಟಿದ ಅಸ್ತ್ರ ಕೇಂದ್ರ ಅಲ್ಲಿ ತನ್ನ ಪ್ರಯೋಗಕ್ಷೇತ್ರ ತೆರೆಯಿತು. ಹಳ್ಳಿಯವರು ಎಷ್ಟು ಸೌದೆ ಉರಿಸುತ್ತಾರೆ, ಅದನ್ನು ತರಲು ಎಷ್ಟು ಹೊತ್ತು ನಡೆಯುತ್ತಾರೆ ಎಂದೆಲ್ಲ ಅಳೆದು, ಮೂರು ಪಾತ್ರೆ ಕೂರುವ, ಸುತ್ತ ಮುಚ್ಚಿದ, ಹೊಗೆಕೊಳವೆ ಇರುವ ಅಸ್ತ್ರ ಒಲೆಯನ್ನು ರೂಪಿಸಿದರು. ಸೌದೆ ಕಡಿಮೆ, ಹೊಗೆ ಸೂರಿನಾಚೆಗೆ. 1980ರ ದಶಕದಲ್ಲಿ ಈ ಒಲೆ ರಾಜ್ಯದ ಹಲವು ಕಡೆ ಹೋಯಿತು. ರೇಷ್ಮೆ ಬಿಚ್ಚುವ ಒಲೆಗೆ, ಸೌದೆಯನ್ನು ಅನಿಲವಾಗಿಸಿ ಉರಿಸುವ ಗ್ಯಾಸಿಫೈಯರ್ ಜೋಡಿಸುವ ಕೆಲಸವನ್ನು 1990ರ ದಶಕದಲ್ಲಿ ಟೆರಿ ಸಂಸ್ಥೆ ಸ್ವಿಸ್ ನೆರವಿನೊಂದಿಗೆ ಮಾಡಿತು.

ಈಗ ಸಿಲಿಂಡರ್ ಬಂದಿದೆ. 2016ರಲ್ಲಿ ಉಜ್ವಲಾ, ಅದರ ಹಿಂದೆಯೇ ರಾಜ್ಯದ ಅನಿಲಭಾಗ್ಯ. ಚಹಾ, ತಿಂಡಿ ಗ್ಯಾಸಿನ ಮೇಲೆ ಆಗುತ್ತವೆ. ಮುದ್ದೆಗೆ, ಹುರುಳಿ ಬೇಯಲು, ಸ್ನಾನದ ಹಂಡೆಗೆ ಸೌದೆಯೇ. ಹಿಪ್ಪುನೇರಳೆ ಕಡ್ಡಿ ಬಿಟ್ಟಿ ಸಿಗುವಾಗ ದುಡ್ಡು ಕೊಟ್ಟು ಸಿಲಿಂಡರ್ ಉರಿಸಲು ಮನಸ್ಸು ಬಾರದು, ಅದನ್ನು ತಪ್ಪೆನ್ನಲಾರೆ. ಆದರೆ ಹಂಡೆಯನ್ನು ಮನೆಯ ಒಳಗಿನ ಬಚ್ಚಲಿನಿಂದ ಹೊರಗಿನ ಮಾಡಿಗೆ ಸರಿಸಬಹುದು. ಕಡ್ಡಿಯನ್ನು ಪೂರ್ತಿ ಒಣಗಿಸಿ ಉರಿಸಬಹುದು. ಅಡುಗೆಮನೆಯ ಗೋಡೆಗೆ ಎದುರುಬದುರು ಎರಡು ಕಿಂಡಿ ಒಡೆಯಬಹುದು. ಹುಳು ಮನೆ ಕಟ್ಟಿದ ಮೇಸ್ತ್ರಿಗೆ ಅದು ಹೊಸ ವಿದ್ಯೆಯಲ್ಲ. ಹೊಸ ಹುಳು ಮನೆಗೆ ಸಹಾಯಧನ ಕೊಡುವ ರೇಷ್ಮೆ ಇಲಾಖೆ, ಅದೇ ಅರ್ಜಿಯಲ್ಲಿ ಅಡುಗೆಮನೆಯ ಹೊಗೆಕೊಳವೆಗೂ ಒಂದು ಸಾಲು ಸೇರಿಸಬಾರದೇ?

ಕೇಳಬೇಕಾದ ಪ್ರಶ್ನೆ ಸರ್ಕಾರದ ಬಳಿ ಆಗಲೇ ಇದೆ. ಮೂವತ್ತು ದಾಟಿದ ಪ್ರತಿಯೊಬ್ಬರ ಮನೆಗೂ ಆಶಾ ಕಾರ್ಯಕರ್ತೆ ಸಿಬಿಎಸಿ ಎಂಬ ನಮೂನೆ ಹಿಡಿದು ಬರುತ್ತಾಳೆ. ಸಕ್ಕರೆ, ಬಿಪಿಯ ಪ್ರಶ್ನೆಗಳ ಜೊತೆಗೆ ಅದರಲ್ಲಿ ಸಿಒಪಿಡಿಯದೇ ಒಂದು ಭಾಗವಿದೆ: ಅಡುಗೆಗೆ ಯಾವ ಉರುವಲು, ಸೌದೆಯೋ ಬೆರಣಿಯೋ ಗ್ಯಾಸೋ, ಕೆಲಸದಲ್ಲಿ ಹೊಗೆ, ದೂಳು ಇದೆಯೋ. ಉದಾಹರಣೆಗೆ ಇಟ್ಟಿಗೆ ಗೂಡು, ಗಾಜಿನ ಕಾರ್ಖಾನೆಗಳ ಹೆಸರುಗಳಿವೆ, ರೇಷ್ಮೆ ನೂಲು ಬಿಚ್ಚುವ ಮನೆಯ ಹೆಸರಿಲ್ಲ. ಈ ಜಿಲ್ಲೆಯ ಮಟ್ಟಿಗೆ ಆರೋಗ್ಯ ಇಲಾಖೆ ಅದನ್ನು ಕೈಬರಹದಲ್ಲಾದರೂ ಸೇರಿಸಬೇಕು. ಆಶಾ ಬಂದಾಗ ಗ್ಯಾಸ್ ಇದೆ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಹಂಡೆ ಒಲೆಯದನ್ನೂ ಹೇಳಿ, ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ ಎಂದು ಹೇಳಿ, ಕಫ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರುತ್ತದೆ ಎಂದು ಬರೆಸಿ. ಅವ್ವ ಹೇಳುವುದಿಲ್ಲ. ಪಕ್ಕದಲ್ಲಿ ನಿಂತು ಮಗನೋ ಸೊಸೆಯೋ ಹೇಳಬೇಕು.